ಸಿರಿಲ್ ರಾಮಫೋಸಾ: ಪದೇ ಪದೇ ಕೇಳುವ ಪ್ರಶ್ನೆಗಳು

1990ರ ಫೆಬ್ರವರಿ 11ರ ಸಂಜೆ. ಕೇಪ್‌ಟೌನ್ ಸಿಟಿ ಹಾಲ್‌ನ ಬಾಲ್ಕನಿ. 27 ವರ್ಷ ಜೈಲಲ್ಲಿದ್ದ ನೆಲ್ಸನ್ ಮಂಡೇಲಾ ಹೊರಬಂದು ಮೊದಲ ಭಾಷಣ ಓದುತ್ತಿದ್ದಾರೆ. ತಮ್ಮ ಕನ್ನಡಕ ಮರೆತು ಬಂದಿದ್ದಾರೆ, ಮೂಗಿನ ಮೇಲಿರುವುದು ಹೆಂಡತಿ ವಿನ್ನಿಯ ಕನ್ನಡಕ. ಪಕ್ಕದಲ್ಲಿ ಗಡ್ಡ ಬಿಟ್ಟ ಒಬ್ಬರು ಮೈಕ್ ಹಿಡಿದು ನಿಂತಿದ್ದಾರೆ. ಆ ಮೈಕ್ ಹಿಡಿದವರೇ ಮುಂದೆ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದ ಸಿರಿಲ್ ರಾಮಫೋಸಾ. ಸುದ್ದಿಯಲ್ಲಿ ಇವರ ಹೆಸರು ಬಂದಾಗಲೆಲ್ಲ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ.

ಹೆಸರಲ್ಲಿ 'ರಾಮ' ಇದೆಯಲ್ಲ, ಭಾರತ ಮೂಲದವರಾ?

ಅಲ್ಲ. ಮೊದಲ ಪ್ರಶ್ನೆ ಯಾವಾಗಲೂ ಇದೇ! ಪೂರ್ತಿ ಹೆಸರು ಮಟಮೇಲ ಸಿರಿಲ್ ರಾಮಫೋಸಾ. ಇವರು ವೆಂಡಾ ಸಮುದಾಯದವರು. ನಮ್ಮ ರಾಮನಿಗೂ ಆ ಹೆಸರಿಗೂ ಸಂಬಂಧ ಇಲ್ಲ. ಹುಟ್ಟಿದ್ದು 1952ರ ನವೆಂಬರ್ 17ರಂದು, ಜೊಹಾನ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಪಕ್ಕದ ಸೊವೆಟೊದಲ್ಲಿ. ಅಪ್ಪ ಪೊಲೀಸ್ ಕೆಲಸದಲ್ಲಿದ್ದರು.

ವೆಂಡಾ ಅನ್ನುವುದು ಅಲ್ಲಿ ಚಿಕ್ಕ ಸಮುದಾಯ. ಇವರಿಗಿಂತ ಮುಂಚೆ ಅಧ್ಯಕ್ಷರಾಗಿದ್ದವರಲ್ಲಿ ಮಂಡೇಲಾ ಮತ್ತು ಥಾಬೊ ಎಂಬೆಕಿ ಖೋಸಾ ಜನ, ಜೇಕಬ್ ಜುಮಾ ಜುಲು. ಎರಡೂ ದೊಡ್ಡ ಸಮುದಾಯಗಳು. ಚುನಾವಣೆ ಬಂದರೆ ಮೊದಲು ಸಮುದಾಯದ ಲೆಕ್ಕ ಹಾಕುವ ನಮಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಬೆನ್ನ ಹಿಂದೆ ದೊಡ್ಡ ಜನಬಲ ಇಲ್ಲದವರು ಎಲ್ಲ ಬಣಗಳ ಜೊತೆಗೂ ಮಾತಾಡುವುದನ್ನು ಕಲಿಯಲೇಬೇಕು. ರಾಮಫೋಸಾ ಕಲಿತರು.

ಅವರ ಪಕ್ಷ ಯಾವುದು?

ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಎಲ್ಲರೂ ಕರೆಯುವುದು ಎಎನ್‌ಸಿ. ಶುರುವಾದದ್ದು 1912ರಲ್ಲಿ. 1994ರಿಂದ ಅಧಿಕಾರದಲ್ಲಿದೆ. ಜೊತೆಗೆ ಕಮ್ಯುನಿಸ್ಟ್ ಪಕ್ಷ ಮತ್ತು ಕೊಸಾಟು ಎಂಬ ಕಾರ್ಮಿಕ ಒಕ್ಕೂಟ ಕೈಜೋಡಿಸಿವೆ.

ಎಎನ್‌ಸಿ ಒಳಗೆ ಹಳೇ ನಾಯಕರಲ್ಲಿ ಮೂರು ಥರದವರಿದ್ದರು. ಮಂಡೇಲಾ ಥರ ರಾಬೆನ್ ದ್ವೀಪದ ಜೈಲಲ್ಲಿದ್ದವರು, ಎಂಬೆಕಿ ಥರ ಲಂಡನ್, ಲುಸಾಕಾ ಎಂದು ದೇಶದ ಹೊರಗೆ ಉಳಿದವರು, ದೇಶದೊಳಗೇ ಇದ್ದು ಯೂನಿಯನ್ ಕಟ್ಟಿ, ಬೀದಿಗಿಳಿದು ಹೋರಾಡಿದವರು. ರಾಮಫೋಸಾ ಮೂರನೇ ಗುಂಪು. 1994ರ ಹೊತ್ತಿಗೆ ಈ ವ್ಯತ್ಯಾಸ ಅವರಿಗೆ ದುಬಾರಿಯಾಯಿತು, ಮುಂದೆ ಹೇಳುತ್ತೇನೆ.

ಜೈಲಿಗೆ ಹೋಗಿದ್ದರಾ?

ಎರಡು ಸಲ. ಟರ್ಫ್‌ಲೂಪ್‌ನ ಯೂನಿವರ್ಸಿಟಿ ಆಫ್ ದಿ ನಾರ್ತ್‌ನಲ್ಲಿ ಕಾನೂನು ಓದುತ್ತಿದ್ದಾಗ ವಿದ್ಯಾರ್ಥಿ ನಾಯಕರಾಗಿದ್ದರು. 1974ರಲ್ಲಿ ಪಕ್ಕದ ಮೊಜಾಂಬಿಕ್‌ನ ಫ್ರೆಲಿಮೊ ಹೋರಾಟಗಾರರಿಗೆ ಬೆಂಬಲ ಕೊಟ್ಟು ರ‍್ಯಾಲಿ ಮಾಡಿದ್ದಕ್ಕೆ ಹಿಡಿದು 11 ತಿಂಗಳು ಒಂಟಿ ಕೋಣೆಯಲ್ಲಿಟ್ಟರು. 1976ರಲ್ಲಿ ಸೊವೆಟೊ ವಿದ್ಯಾರ್ಥಿಗಳ ದಂಗೆಯ ನಂತರ ಮತ್ತೆ ಆರು ತಿಂಗಳು. ವಿಚಾರಣೆ ಇಲ್ಲ, ಶಿಕ್ಷೆ ಇಲ್ಲ, ಸುಮ್ನೆ ಒಳಗೆ. ಆಮೇಲೆ ವಕೀಲರ ಆಫೀಸಲ್ಲಿ ಕೆಲಸ ಮಾಡುತ್ತ, ಅಂಚೆ ಶಿಕ್ಷಣದಲ್ಲಿ 1981ರಲ್ಲಿ ಡಿಗ್ರಿ ಮುಗಿಸಿದರು.

ಗಣಿ ಕಾರ್ಮಿಕರ ನಾಯಕ ಅಂತಾರಲ್ಲ, ಗಣಿಯಲ್ಲಿ ಕೆಲಸ ಮಾಡಿದ್ದರಾ?

ಒಂದು ದಿನವೂ ಇಲ್ಲ. ಅವರು ಕಾನೂನು ಓದಿದ ಪಟ್ಟಣದ ಹುಡುಗ. 1982ರಲ್ಲಿ ಗಣಿ ಕಾರ್ಮಿಕರ ರಾಷ್ಟ್ರೀಯ ಯೂನಿಯನ್ ಶುರುವಾದಾಗ ಮೊದಲ ಪ್ರಧಾನ ಕಾರ್ಯದರ್ಶಿಯಾದರು, ವಯಸ್ಸು ಇನ್ನೂ ಮೂವತ್ತು ಮುಟ್ಟಿರಲಿಲ್ಲ. ಯೂನಿಯನ್ ಅಧ್ಯಕ್ಷ ಜೇಮ್ಸ್ ಮೋಟ್ಲಾಟ್ಸಿ ಮಾತ್ರ ಲೆಸೊಥೊದಿಂದ ಬಂದ ಅಸಲಿ ಗಣಿ ಕಾರ್ಮಿಕ. ಜೋಡಿ ಚೆನ್ನಾಗಿ ಕೂಡಿತು. ಒಬ್ಬರಿಗೆ ಗಣಿಯ ಆಳ ಗೊತ್ತು, ಇನ್ನೊಬ್ಬರಿಗೆ ಕಾಯ್ದೆಯ ಆಳ.

ಆಗಿನ ಚಿನ್ನದ ಗಣಿಗಳ ಚಿತ್ರ ಕಣ್ಣಿಗೆ ತಂದುಕೊಳ್ಳಿ. ಕಾರ್ಮಿಕರು ಲೆಸೊಥೊ, ಮೊಜಾಂಬಿಕ್, ಪೂರ್ವ ಕೇಪ್ ಹಳ್ಳಿಗಳಿಂದ ಗುತ್ತಿಗೆ ಮೇಲೆ ಬರುತ್ತಿದ್ದರು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಕಂಪನಿ ಹಾಸ್ಟೆಲ್‌ಗಳಲ್ಲಿ ವಾಸ, ಅದೂ ಭಾಷೆ ಬುಡಕಟ್ಟಿನ ಪ್ರಕಾರ ಬೇರೆ ಬೇರೆ ಕೋಣೆ. ಒಳ್ಳೆಯ ಕೆಲಸಗಳೆಲ್ಲ ಬಿಳಿಯರಿಗೆ ಮೀಸಲು. ಯೂನಿಯನ್‌ನವರು ಆ ಹಾಸ್ಟೆಲ್ ಗೇಟು ದಾಟಬೇಕಾದರೂ ಕಂಪನಿಯ ಅನುಮತಿ ಬೇಕು. ಅಂಥ ಕಡೆ 6,000 ಸದಸ್ಯರಿಂದ ಶುರುವಾದ ಯೂನಿಯನ್ ಹತ್ತು ವರ್ಷದಲ್ಲಿ 3 ಲಕ್ಷ ದಾಟಿತು.

1987ರ ಆಗಸ್ಟ್ ಮುಷ್ಕರ ದೊಡ್ಡ ಪರೀಕ್ಷೆ. ಲಕ್ಷಗಟ್ಟಲೆ ಜನ 21 ದಿನ ಗಣಿಗೆ ಇಳಿಯಲಿಲ್ಲ. ಕಂಪನಿಗಳು ಸುಮಾರು 50,000 ಜನರನ್ನು ಮನೆಗೆ ಕಳಿಸಿದವು. ಹೆಚ್ಚಿನ ಕೂಲಿ ಸಿಗಲಿಲ್ಲ. ಕೊನೆಗೆ ರಾಮಫೋಸಾ ಹೋರಾಟ ನಿಲ್ಲಿಸಿ ಕಾರ್ಮಿಕರನ್ನು ವಾಪಸ್ ಕರೆದರು. ಸೋತರು ಅನ್ನಬಹುದು. ಆದರೆ ಯೂನಿಯನ್ ಉಳಿಯಿತು, ಮತ್ತೆ ಬೆಳೆಯಿತು. ಇವತ್ತು ಹಿಂದೆ ಸರಿದು ನಾಳೆ ಕೂತು ಮಾತಾಡುವ ಅವರ ಅಭ್ಯಾಸ ನನಗೆ ಮೊದಲು ಕಾಣುವುದು ಇಲ್ಲೇ.

ಮೀನು ಗಾಳದ ಕತೆ ನಿಜವಾ?

ನಿಜ. ಅದರ ಇನ್ನೊಬ್ಬ ಪಾತ್ರಧಾರಿಯೇ ಬಾಯ್ತುಂಬ ಹೇಳಿಕೊಂಡಿದ್ದಾರೆ.

1991ರ ಜುಲೈನಲ್ಲಿ ರಾಮಫೋಸಾ ಎಎನ್‌ಸಿ ಪ್ರಧಾನ ಕಾರ್ಯದರ್ಶಿಯಾದರು. ಸೋತವರಲ್ಲಿ ಜೇಕಬ್ ಜುಮಾ ಒಬ್ಬರು. ಇದನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ಇಬ್ಬರಿಗೂ ಪರಿಚಯದ ಒಬ್ಬ ಉದ್ಯಮಿ ತನ್ನ ತೋಟದ ಮನೆಗೆ ರಾಮಫೋಸಾರನ್ನೂ ಬಿಳಿಯರ ಸರ್ಕಾರದ ಸಚಿವ ರೋಲ್ಫ್ ಮೇಯರ್‌ರನ್ನೂ ಕರೆದ. ರಾಮಫೋಸಾಗೆ ಮೀನು ಹಿಡಿಯುವ ಹುಚ್ಚು. ಮೇಯರ್‌ಗೆ ಗಾಳ ಹಿಡಿದು ಗೊತ್ತಿಲ್ಲ. ಎಸೆಯಲು ಹೋಗಿ ಕೊಕ್ಕೆ ತಮ್ಮ ಬೆರಳಿಗೇ ಚುಚ್ಚಿಕೊಂಡರು. ಗಾಳದ ಕೊಕ್ಕೆಗೆ ಹಿಂಬದಿ ಮುಳ್ಳಿರುತ್ತದೆ, ಒಳಹೋದಷ್ಟು ಸುಲಭಕ್ಕೆ ಹೊರಬರುವುದಿಲ್ಲ. ರಾಮಫೋಸಾ ಇಕ್ಕಳ ತಂದರು, ಒಂದು ಗ್ಲಾಸ್ ವಿಸ್ಕಿ ಕುಡಿಸಿದರು, ಕೊಕ್ಕೆ ಕಿತ್ತರು. ಇಕ್ಕಳ ಹಿಡಿದವರು ಎಎನ್‌ಸಿಯವರು, ಬೆರಳು ಸರ್ಕಾರದ್ದು.

ವರ್ಣಭೇದ ಆಳ್ವಿಕೆ ಮುಗಿಸುವ ಮಾತುಕತೆ ಆ ವರ್ಷದ ಡಿಸೆಂಬರ್‌ನಲ್ಲಿ ಶುರುವಾಯಿತು. 1992ರ ಜೂನ್‌ನಲ್ಲಿ ಬೋಯ್ಪಟಾಂಗ್‌ನಲ್ಲಿ ಹತ್ಯಾಕಾಂಡ ನಡೆದು ಎಎನ್‌ಸಿ ಎದ್ದು ಹೊರಟಿತು. ಮೇಲ್ಮಟ್ಟದಲ್ಲಿ ಮಾತು ನಿಂತಾಗಲೂ ಈ ಇಬ್ಬರು ಮಾತ್ರ ಹೋಟೆಲ್ ರೂಮುಗಳಲ್ಲಿ ಮತ್ತೆ ಮತ್ತೆ ಕೂತರು. ಸೆಪ್ಟೆಂಬರ್ 26ಕ್ಕೆ ಒಪ್ಪಂದ ಸಿದ್ಧವಾಯಿತು, ಬಂಡಿ ಮತ್ತೆ ಹಳಿಗೆ ಬಂತು. 1994ರ ಏಪ್ರಿಲ್‌ನಲ್ಲಿ ಎಲ್ಲರೂ ಓಟು ಹಾಕಿದ ಮೊದಲ ಚುನಾವಣೆ ನಡೆಯಿತು. ಇದಕ್ಕೆ ಗಾಳವೇ ಕಾರಣ ಅಂತ ಹೇಳಿದರೆ ತಮಾಷೆಯಾದೀತು. ಆದರೆ ನಂಬಿಕೆ ಎಲ್ಲೋ ಶುರುವಾಗಬೇಕಲ್ವಾ?

ಸಂವಿಧಾನ ಬರೆದವರು ಇವರೇನಾ?

ಒಬ್ಬರೇ ಅಲ್ಲ. 490 ಜನರ ಸಂವಿಧಾನ ಸಭೆಗೆ ಅಧ್ಯಕ್ಷರಾಗಿದ್ದರು. ಜನರಿಂದ ಸುಮಾರು 20 ಲಕ್ಷ ಸಲಹೆ, ಅರ್ಜಿಗಳು ಬಂದಿದ್ದವು. 1996ರ ಮೇ 8ರಂದು 421 ಮತಗಳಿಂದ ಪಾಸಾಯಿತು, ವಿರುದ್ಧ ಬಿದ್ದದ್ದು ಬರೀ 2. ಮಂಡೇಲಾ ಡಿಸೆಂಬರ್ 10ರಂದು ಶಾರ್ಪ್‌ವಿಲ್‌ನಲ್ಲಿ ಸಹಿ ಹಾಕಿದರು. 1960ರಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದ ಊರು ಅದು. ಅವರ ಇಡೀ ಬದುಕಿನ ಒಳ್ಳೆಯ ಕೆಲಸ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಹಾಗಿದ್ದರೆ ಮಂಡೇಲಾ ನಂತರ ಇವರೇ ಯಾಕೆ ಬರಲಿಲ್ಲ?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1994ರಲ್ಲಿ ಉಪಾಧ್ಯಕ್ಷ ಸ್ಥಾನ ಎಂಬೆಕಿಗೆ ಹೋಯಿತು. ವರ್ಷಗಟ್ಟಲೆ ಹೊರದೇಶದಲ್ಲಿ ಪಕ್ಷ ನಡೆಸಿದ ಹಿರಿಯರ ಒಲವು ಎಂಬೆಕಿ ಕಡೆಗಿತ್ತು. ಯೂನಿಯನ್‌ನಿಂದ ಬಂದ ರಾಮಫೋಸಾ ಅವರಿಗೆ ನಿನ್ನೆ ಮೊನ್ನೆ ಬಂದವರು. ಸಂವಿಧಾನದ ಕೆಲಸ ಮುಗಿಯುತ್ತಲೇ ರಾಮಫೋಸಾ ರಾಜಕೀಯ ಬಿಟ್ಟು ವ್ಯಾಪಾರಕ್ಕೆ ಇಳಿದರು. ಆದರೆ ಪಕ್ಷದ ಕಾರ್ಯಕಾರಿಣಿ ಬಿಡಲಿಲ್ಲ. ಬಾಗಿಲು ಹಾಕಿಕೊಂಡರು, ಚಿಲಕ ಹಾಕಲಿಲ್ಲ.

ಅಷ್ಟು ದುಡ್ಡು ಎಲ್ಲಿಂದ ಬಂತು?

ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ವರ್ಣಭೇದ ಆಳ್ವಿಕೆ ಮುಗಿದಾಗ ದೊಡ್ಡ ಕಂಪನಿಗಳೆಲ್ಲ ಬಿಳಿಯರ ಕೈಯಲ್ಲಿದ್ದವು. ಕಪ್ಪು ಜನರಿಗೂ ಷೇರು ಸಿಗಬೇಕು ಎಂದು ಒಂದು ನೀತಿ ಬಂತು. ಉದ್ದೇಶ ನ್ಯಾಯವಾದದ್ದೇ. ಆದರೆ ಕಂಪನಿಗಳು ಹುಡುಕಿದ್ದು ಸರ್ಕಾರದ ಬಾಗಿಲು ತಟ್ಟಬಲ್ಲ ಹೆಸರುಗಳನ್ನು. ಸಾಲದ ಮೇಲೆ ಷೇರು ಕೊಟ್ಟವು, ಬಂದ ಲಾಭದಲ್ಲಿ ಸಾಲ ತೀರಿತು. ಹೀಗೆ ಬೆರಳೆಣಿಕೆಯ ಜನ ಬೇಗ ಶ್ರೀಮಂತರಾದರು.

ರಾಮಫೋಸಾ 2001ರಲ್ಲಿ ಶಂಡುಕಾ ಎಂಬ ಕಂಪನಿ ಕಟ್ಟಿದರು. ಎಂಟಿಎನ್ ಮೊಬೈಲ್ ಕಂಪನಿಯ ಅಧ್ಯಕ್ಷರಾಗಿದ್ದರು. 2011ರಲ್ಲಿ ಇಡೀ ದಕ್ಷಿಣ ಆಫ್ರಿಕಾದ ಮೆಕ್‌ಡೊನಾಲ್ಡ್ಸ್ ಫ್ರಾಂಚೈಸಿ ಹಿಡಿದರು. 2015ರ ಹೊತ್ತಿಗೆ ಫೋರ್ಬ್ಸ್ ಅವರ ಆಸ್ತಿಯನ್ನು ಸುಮಾರು 45 ಕೋಟಿ ಡಾಲರ್ ಎಂದು ಅಂದಾಜು ಮಾಡಿತ್ತು. ಹೆಂಡತಿ ಡಾ. ಟ್ಶೆಪೊ ಮೊಟ್ಸೆಪೆ, ಗಣಿ ಉದ್ಯಮಿ ಪ್ಯಾಟ್ರಿಸ್ ಮೊಟ್ಸೆಪೆಯವರ ಅಕ್ಕ. ಅಂದರೆ ಭಾವಮೈದುನ ಇನ್ನೂ ದೊಡ್ಡ ಕುಳ.

ಸೊವೆಟೊದ ಹುಡುಗ ದುಡ್ಡು ಮಾಡಿದ್ದರಲ್ಲಿ ತಪ್ಪೇನಿಲ್ಲ. ತೊಂದರೆ ಬಂದದ್ದು ಒಂದು ಗಣಿಯ ಷೇರಿನಿಂದ.

ಮಾರಿಕಾನಾದಲ್ಲಿ ಏನಾಯಿತು? ಇವರ ಪಾತ್ರ ಏನು?

2012ರ ಆಗಸ್ಟ್. ಮಾರಿಕಾನಾದಲ್ಲಿ ಲೋನ್ಮಿನ್ ಕಂಪನಿಯ ಪ್ಲಾಟಿನಂ ಗಣಿ. ಬಂಡೆ ಕೊರೆಯುವ ಕಾರ್ಮಿಕರು ತಿಂಗಳಿಗೆ 12,500 ರಾಂಡ್ ಸಂಬಳ ಬೇಕೆಂದು ಕೆಲಸ ನಿಲ್ಲಿಸಿದರು. ಅಲ್ಲಿದ್ದದ್ದು ಒಂದು ಕಾಲಕ್ಕೆ ರಾಮಫೋಸಾ ಕಟ್ಟಿದ ಅದೇ ಯೂನಿಯನ್. ಕಾರ್ಮಿಕರು ಅದರ ಮೇಲೆ ನಂಬಿಕೆ ಕಳೆದುಕೊಂಡಿದ್ದರು. ಅದು ಮಾಲೀಕರ ಕಡೆಯದ್ದು ಅನ್ನುತ್ತಿದ್ದರು. ಗಣಿಯ ಪಕ್ಕದ ಸಣ್ಣ ಕಲ್ಲುಗುಡ್ಡದ ಮೇಲೆ ಕಂಬಳಿ ಹೊದ್ದು, ಕೋಲು ಹಿಡಿದು ಕೂತರು. ಮೊದಲ ದಿನಗಳ ಗಲಾಟೆಯಲ್ಲಿ 10 ಜನ ಸತ್ತರು. ಅವರಲ್ಲಿ ಇಬ್ಬರು ಪೊಲೀಸರು, ಇಬ್ಬರು ಕಾವಲುಗಾರರು. ಆಗಸ್ಟ್ 16ರ ಮಧ್ಯಾಹ್ನ ಪೊಲೀಸರು ಗುಂಡು ಹಾರಿಸಿ 34 ಕಾರ್ಮಿಕರನ್ನು ಕೊಂದರು. ಅರ್ಧದಷ್ಟು ಜನ ಸತ್ತದ್ದು ಟಿವಿ ಕ್ಯಾಮೆರಾ ಕಾಣದ ಬಂಡೆಗಳ ಸಂದಿಯಲ್ಲಿ.

ರಾಮಫೋಸಾ ಆಗ ಲೋನ್ಮಿನ್‌ನ ನಿರ್ದೇಶಕರು. ಅವರ ಕಂಪನಿಗೆ ಅಲ್ಲಿ ಸುಮಾರು ಶೇ 9ರಷ್ಟು ಪಾಲಿತ್ತು. ಗುಂಡು ಹಾರುವ ಹಿಂದಿನ ದಿನ ಅವರು ಕಂಪನಿಯವರಿಗೆ ಬರೆದ ಇಮೇಲ್ ಆಮೇಲೆ ಹೊರಬಂತು. ನಡೆಯುತ್ತಿರುವುದನ್ನು ಕೂಲಿ ಜಗಳ ಅನ್ನಬಾರದು, ಇದು ಹೀನ ಅಪರಾಧ, ಅದಕ್ಕೆ ತಕ್ಕ ಕ್ರಮ ಆಗಬೇಕು ಅನ್ನುವುದು ಅದರ ತಿರುಳು. ಪೊಲೀಸ್ ಸಚಿವರ ಜೊತೆಗೂ ಮಾತಾಡಿದ್ದರು.

ವಿಚಾರಣಾ ಆಯೋಗ 2015ರಲ್ಲಿ ವರದಿ ಕೊಟ್ಟಿತು. ಸಾವುಗಳಿಗೆ ಅವರು ಹೊಣೆಯಲ್ಲ ಎಂದಿತು. 2017ರಲ್ಲಿ ಅವರು ತಮ್ಮ ಪದಬಳಕೆಗೆ ಕ್ಷಮೆ ಕೇಳಿದರು. ಕಾನೂನಿನ ಪ್ರಕಾರ ಕತೆ ಅಲ್ಲಿಗೆ ಮುಗಿಯಿತು. ನನ್ನನ್ನು ಕಾಡುವುದು ಬೇರೆ. 1987ರಲ್ಲಿ ಮುಷ್ಕರ ನಿರತರನ್ನು ಗೂಂಡಾಗಳು ಅಂದಾಗ ಮೇಜಿನ ಈ ಕಡೆ ಕೂತು ಉತ್ತರ ಕೊಡುತ್ತಿದ್ದವರು ಇವರೇ. 25 ವರ್ಷ ಆದಮೇಲೆ ಅದೇ ಆಗಸ್ಟ್‌ನಲ್ಲಿ ಮೇಜಿನ ಆ ಕಡೆಯಿಂದ ಇಮೇಲ್ ಬರೆದವರೂ ಇವರೇ. ಆಯೋಗದ ವರದಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಅಷ್ಟೆಲ್ಲ ಆದಮೇಲೂ ಪಕ್ಷದಲ್ಲಿ ಮೇಲೆ ಬಂದದ್ದು ಹೇಗೆ?

ಮಾರಿಕಾನಾ ಆಗಿ ನಾಲ್ಕೇ ತಿಂಗಳಿಗೆ, 2012ರ ಡಿಸೆಂಬರ್‌ನಲ್ಲಿ, ಪಕ್ಷದ ಉಪಾಧ್ಯಕ್ಷರಾದರು. ಜುಮಾಗೆ ಆಗ ಉದ್ಯಮದವರು ನಂಬುವ ಒಂದು ಮುಖ ಬೇಕಿತ್ತು. 2014ರಲ್ಲಿ ದೇಶದ ಉಪಾಧ್ಯಕ್ಷರೂ ಆದರು. ಅದೇ 2012ರ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ ಇದೆ. ಪಕ್ಷದ ಯುವ ಘಟಕದ ನಾಯಕ ಜೂಲಿಯಸ್ ಮಲೇಮಾ ಉಚ್ಚಾಟನೆಯ ವಿರುದ್ಧ ಮೇಲ್ಮನವಿ ಹಾಕಿದಾಗ, ಅದನ್ನು ತಳ್ಳಿಹಾಕಿದ ಸಮಿತಿಯ ಅಧ್ಯಕ್ಷರು ರಾಮಫೋಸಾ. ಮಲೇಮಾ ಹೊರಹೋಗಿ ತನ್ನದೇ ಪಕ್ಷ ಕಟ್ಟಿದರು. ಅಂದಿನಿಂದ ಸಂಸತ್ತಿನಲ್ಲಿ ಇವರ ಕಿವಿ ಹಿಂಡುವ ಕೆಲಸ ಬಿಟ್ಟಿಲ್ಲ.

ಜುಮಾ ಕಾಲದಲ್ಲಿ ಸಹಾರನ್‌ಪುರ ಮೂಲದ ಗುಪ್ತಾ ಸಹೋದರರು ಸಚಿವರನ್ನು ಆರಿಸುವಷ್ಟು ಒಳಗೆ ಬಂದಿದ್ದರು ಎಂಬ ಆರೋಪ ದೇಶವನ್ನೇ ಅಲ್ಲಾಡಿಸಿತು. ಉಪಾಧ್ಯಕ್ಷರಾಗಿದ್ದ ರಾಮಫೋಸಾ ಬಹಳ ಕಾಲ ಬಾಯಿ ಬಿಡಲಿಲ್ಲ. ಒಳಗಿದ್ದೇ ಸರಿಮಾಡಬೇಕಿತ್ತು ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ನನಗದು ಅರ್ಧ ಮಾತ್ರ ಒಪ್ಪಿಗೆ.

2017ರ ಡಿಸೆಂಬರ್‌ನಲ್ಲಿ ಪಕ್ಷಾಧ್ಯಕ್ಷ ಚುನಾವಣೆ. ಎದುರಾಳಿ ಎಂಕೊಸಜಾನಾ ಡ್ಲಾಮಿನಿ-ಜುಮಾ, ಜೇಕಬ್ ಜುಮಾರ ಮಾಜಿ ಹೆಂಡತಿ. ರಾಮಫೋಸಾಗೆ 2,440, ಅವರಿಗೆ 2,261. ಅಂತರ 179 ಮತ, ನಮ್ಮ ಗ್ರಾಮ ಪಂಚಾಯಿತಿ ಲೆಕ್ಕ!

ಪಕ್ಷ ಹೇಳಿದರೆ ದೇಶದ ಅಧ್ಯಕ್ಷರೇ ಇಳಿಯಬೇಕಾ?

ಕಾನೂನಲ್ಲಿ ಹಾಗಿಲ್ಲ, ನಡೆಯುವುದು ಹಾಗೆ. ಅಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಜನ ಪಕ್ಷಕ್ಕೆ ಓಟು ಹಾಕುತ್ತಾರೆ, ಪಕ್ಷ ಪಟ್ಟಿಯಿಂದ ಸಂಸದರನ್ನು ಕಳಿಸುತ್ತದೆ, ಸಂಸದರು ಅಧ್ಯಕ್ಷರನ್ನು ಆರಿಸುತ್ತಾರೆ. ಹಾಗಾಗಿ ಜೊಹಾನ್ಸ್‌ಬರ್ಗ್‌ನ ಲುಥುಲಿ ಹೌಸ್, ಅಂದರೆ ಎಎನ್‌ಸಿ ಹೈಕಮಾಂಡ್, ಮನಸ್ಸು ಮಾಡಿದರೆ ಅವಿಶ್ವಾಸ ಮತದ ಬೆದರಿಕೆ ಒಡ್ಡಬಹುದು. 2008ರಲ್ಲಿ ಎಂಬೆಕಿಯನ್ನು ಹೀಗೇ ಇಳಿಸಿದರು. ಜುಮಾ ಹಟ ಹಿಡಿದರು, 2018ರ ಫೆಬ್ರವರಿ 14ರ ರಾತ್ರಿ ಟಿವಿಯಲ್ಲಿ ಬಂದು ರಾಜೀನಾಮೆ ಕೊಟ್ಟರು. ಮರುದಿನ ರಾಮಫೋಸಾ ಅಧ್ಯಕ್ಷರು.

ಅಧ್ಯಕ್ಷರಾಗಿ ಹೇಗೆ?

ನಿಧಾನ. ಮೆಚ್ಚುವವರೂ ಬೈಯುವವರೂ ಒಪ್ಪುವ ಮಾತು ಇದೊಂದೇ. ಸಮಸ್ಯೆ ಬಂದರೆ ಒಂದು ಸಮಿತಿ, ಒಂದು ಆಯೋಗ, ಒಂದು ಸಭೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ತಾಳ್ಮೆಯಿಂದಲೇ ಪಕ್ಷದೊಳಗಿನ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಬದಿಗೆ ಸರಿಸಿದರು. ಆದರೆ ಕರೆಂಟ್ ಕಾಯುವುದಿಲ್ಲವಲ್ಲ. ಲೋಡ್ ಶೆಡ್ಡಿಂಗ್ ಅನ್ನುವ ಪದ ಅಲ್ಲೂ ಮನೆಮಾತು. 2023 ಅದರಲ್ಲಿ ಅತಿ ಕೆಟ್ಟ ವರ್ಷ. 2024ರ ಮಾರ್ಚ್ ಕೊನೆಯಿಂದ ಪರಿಸ್ಥಿತಿ ತುಂಬಾ ಸುಧಾರಿಸಿತು. 2021ರ ಜುಲೈನಲ್ಲಿ ಜುಮಾ ಜೈಲಿಗೆ ಹೋದಾಗ ಶುರುವಾದ ಗಲಭೆ, ಲೂಟಿಯಲ್ಲಿ 350ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಅಲ್ಲೂ ತಡವಾಗಿ ಎಚ್ಚೆತ್ತುಕೊಂಡಿತು.

ಕೋವಿಡ್ ಸಮಯದ ಒಂದು ದೃಶ್ಯ ಮಾತ್ರ ಮರೆಯಲಾಗದು. 2020ರ ಏಪ್ರಿಲ್ 23, ಟಿವಿ ಭಾಷಣ ಮುಗಿಸಿ ಮಾಸ್ಕ್ ಹಾಕಿ ತೋರಿಸಲು ಹೋದರು. ಒಂದು ದಾರ ಸಿಕ್ಕರೆ ಇನ್ನೊಂದು ಜಾರುತ್ತದೆ, ಕೊನೆಗೆ ಮಾಸ್ಕ್ ಕಣ್ಣ ಮೇಲೆ ಬಂದು ಕೂತಿತು. ಇಡೀ ದೇಶ ನಕ್ಕಿತು. ಮಾಸ್ಕ್ ಹಾಕುವುದನ್ನು ಕಲಿಸಲು ಟಿವಿ ಚಾನೆಲ್ ತೆಗೆಯುತ್ತೇನೆ ಎಂದು ಆಮೇಲೆ ಅವರೂ ನಕ್ಕರು.

ಸೋಫಾದಲ್ಲಿ ದುಡ್ಡು ಸಿಕ್ಕಿದ ಪ್ರಕರಣ ಏನು?

ಫಾಲಾ ಫಾಲಾ ಅನ್ನುವುದು ಲಿಂಪೊಪೊ ಪ್ರಾಂತ್ಯದಲ್ಲಿ ಅವರ ಪ್ರಾಣಿ ಸಾಕಣೆಯ ಫಾರ್ಮ್. 2020ರ ಫೆಬ್ರವರಿಯಲ್ಲಿ ಅಲ್ಲಿ ಕಳ್ಳತನವಾಯಿತು. ಸೋಫಾದ ಒಳಗೆ ಡಾಲರ್ ನೋಟು ಬಚ್ಚಿಟ್ಟಿದ್ದರು. ಕಳ್ಳತನದ ಸುದ್ದಿ ಹೊರಬಂದದ್ದು 2022ರಲ್ಲಿ, ಜುಮಾ ಕಾಲದ ಗುಪ್ತಚರ ಮುಖ್ಯಸ್ಥ ಆರ್ಥರ್ ಫ್ರೇಜರ್ ದೂರು ಕೊಟ್ಟಾಗ. ಸುಡಾನ್‌ನ ಒಬ್ಬ ವ್ಯಾಪಾರಿ ಎಮ್ಮೆ ಕೊಳ್ಳಲು ಕೊಟ್ಟ 5,80,000 ಡಾಲರ್ ಅದು ಎಂದು ರಾಮಫೋಸಾ ವಿವರಿಸಿದರು. ಎಮ್ಮೆ ಅಂದರೆ ಕೊಟ್ಟಿಗೆಯದ್ದಲ್ಲ, ಆಫ್ರಿಕಾದ ಕಾಡೆಮ್ಮೆ. 2012ರಲ್ಲೂ ಹರಾಜಿನಲ್ಲಿ ಒಂದು ಕಾಡೆಮ್ಮೆ, ಅದರ ಕರುವಿಗೆ ಸುಮಾರು 2 ಕೋಟಿ ರಾಂಡ್ ತನಕ ಕೂಗಿ, ಬಡವರ ದೇಶದಲ್ಲಿ ತಪ್ಪಾಯಿತು ಎಂದು ಕ್ಷಮೆ ಕೇಳಿದ್ದರು. ಎಮ್ಮೆ ಸಹವಾಸ ಅವರಿಗೆ ಆಗಿಬರುವುದಿಲ್ಲ.

ಸಂಸತ್ತು ನೇಮಿಸಿದ ಸಮಿತಿ ತಪ್ಪು ನಡೆದಿರಬಹುದು ಎಂದು 2022ರ ನವೆಂಬರ್ ಕೊನೆಗೆ ವರದಿ ಕೊಟ್ಟಿತು. ರಾಜೀನಾಮೆ ಕೊಟ್ಟೇ ಬಿಡುತ್ತಾರೆ ಅನ್ನುವ ಗುಲ್ಲು ಎದ್ದಿತು. ಕೊಡಲಿಲ್ಲ. ಡಿಸೆಂಬರ್ 13ರಂದು ಸಂಸತ್ತು 214-148 ಮತಗಳಿಂದ ಮುಂದಿನ ವಿಚಾರಣೆ ಬೇಡವೆಂದಿತು. ಅದೇ ತಿಂಗಳು ಪಕ್ಷ ಅವರನ್ನು ಮತ್ತೆ ಅಧ್ಯಕ್ಷರನ್ನಾಗಿ ಆರಿಸಿತು. 2024ರಲ್ಲಿ ಪ್ರಾಸಿಕ್ಯೂಷನ್ ಇಲಾಖೆ ಅವರ ಮೇಲೆ ಕೇಸು ಹಾಕುವುದಿಲ್ಲ ಎಂದಿತು. ಸಂಸತ್ತಿನ ಮತದಾನದ ವಿರುದ್ಧ ಮಲೇಮಾ ಪಕ್ಷ ಸಂವಿಧಾನ ಕೋರ್ಟಿಗೆ ಹೋಯಿತು.

2024ರಲ್ಲಿ ಸೋತರೋ ಗೆದ್ದರೋ?

ಎರಡೂ. ಎಎನ್‌ಸಿ 30 ವರ್ಷದಲ್ಲಿ ಮೊದಲ ಸಲ ಬಹುಮತ ಕಳೆದುಕೊಂಡಿತು. ಶೇ 40 ಮತ, 400ರಲ್ಲಿ 159 ಸೀಟು. ಜುಮಾರ ಹೊಸ ಪಕ್ಷ 58 ಸೀಟು ಕಿತ್ತುಕೊಂಡಿತು. ಆ ಪಕ್ಷದ ಹೆಸರೋ, ಎಎನ್‌ಸಿಯ ಹಳೇ ಸಶಸ್ತ್ರ ದಳದ್ದೇ!

ಆಗ ರಾಮಫೋಸಾ ತಮಗೆ ಚೆನ್ನಾಗಿ ಗೊತ್ತಿರುವ ಕೆಲಸಕ್ಕೆ ಕೂತರು, ಮಾತುಕತೆಗೆ. ಎರಡು ವಾರದಲ್ಲಿ, 87 ಸೀಟಿನ ವಿರೋಧ ಪಕ್ಷ ಡೆಮಾಕ್ರಟಿಕ್ ಅಲಯನ್ಸ್ (ಡಿಎ) ಅನ್ನೇ ಒಳಗೆ ಕರೆದು ಸರ್ಕಾರ ಮಾಡಿದರು. ಜೂನ್ 14ರ ರಾತ್ರಿ ಸಂಸತ್ತಿನಲ್ಲಿ ಅವರಿಗೆ 283 ಮತ. ಎದುರು ನಿಂತ ಮಲೇಮಾಗೆ 44.

ಟ್ರಂಪ್ ಜೊತೆ ಜಟಾಪಟಿ?

2025ರ ಮೇ 21, ಶ್ವೇತಭವನ. ಮಾತಿನ ಮಧ್ಯೆ ಟ್ರಂಪ್ ದೀಪ ಮಂದ ಮಾಡಿಸಿ, ದಕ್ಷಿಣ ಆಫ್ರಿಕಾದಲ್ಲಿ ಬಿಳಿ ರೈತರ ಹತ್ಯೆ ನಡೆಯುತ್ತಿದೆ ಎನ್ನುತ್ತ ವಿಡಿಯೊ ಹಾಕಿಸಿದರು. ಅದರಲ್ಲಿ ಹಾಡು, ಘೋಷಣೆ ಕೂಗುತ್ತಿದ್ದವರು ಮತ್ತೆ ಅದೇ ಮಲೇಮಾ. ರಾಮಫೋಸಾ ದನಿ ಏರಿಸಲಿಲ್ಲ. ಜೊತೆಗೆ ಕರೆದೊಯ್ದಿದ್ದ ಗಾಲ್ಫ್ ಆಟಗಾರರು, ಡಿಎ ಸಚಿವರ ಬಾಯಲ್ಲೇ ಉತ್ತರ ಕೊಡಿಸಿದರು. ಆ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಜಿ20 ಸಭೆಗೆ ಅಮೆರಿಕ ಬರಲೇ ಇಲ್ಲ.

ನಮಗೂ ಅವರಿಗೂ ಏನಾದರೂ ನಂಟು?

2019ರ ಗಣರಾಜ್ಯೋತ್ಸವಕ್ಕೆ ದೆಹಲಿಯಲ್ಲಿ ಮುಖ್ಯ ಅತಿಥಿಯಾಗಿದ್ದರು. ಇನ್ನೊಂದು ಸಣ್ಣ ನಂಟು ಬೆಂಗಳೂರಿನದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ, ಪೀಣ್ಯದ ಇಸ್ರೊ ಕೇಂದ್ರದಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದಿದ್ದರೆ, ಪ್ರಧಾನಿ ಮೋದಿ ಜೊಹಾನ್ಸ್‌ಬರ್ಗ್‌ನಲ್ಲಿ ರಾಮಫೋಸಾ ಕರೆದಿದ್ದ ಬ್ರಿಕ್ಸ್ ಸಭೆಯಲ್ಲಿದ್ದರು. ಅಲ್ಲಿಂದಲೇ ವಿಡಿಯೊದಲ್ಲಿ ಸೇರಿಕೊಂಡರು.

ಇನ್ನೆಷ್ಟು ದಿನ ಇರುತ್ತಾರೆ?

ಸಂವಿಧಾನದ ಪ್ರಕಾರ ಎರಡೇ ಅವಧಿ. ಆ ಲೆಕ್ಕದಲ್ಲಿ 2029ರ ತನಕ ಇರಬಹುದು. ಆದರೆ ಪಕ್ಷದ ಮುಂದಿನ ಅಧ್ಯಕ್ಷರ ಆಯ್ಕೆ 2027ರ ಡಿಸೆಂಬರ್‌ಗೆ. ಮುಂಚೂಣಿಯಲ್ಲಿ ಕೇಳಿಬರುವ ಹೆಸರು ಈಗಿನ ಉಪಾಧ್ಯಕ್ಷ ಪಾಲ್ ಮಶಾಟಿಲೆಯವರದು. ಪಕ್ಷ ಒಬ್ಬರ ಕೈಲಿ, ದೇಶ ಇನ್ನೊಬ್ಬರ ಕೈಲಿ ಇರುವ ಈ ಸಂದಿ ಇದೆಯಲ್ಲ, ಎಂಬೆಕಿ ಜಾರಿದ್ದು ಅದರಲ್ಲೇ, ಜುಮಾ ಜಾರಿದ್ದೂ ಅದರಲ್ಲೇ. ಎಂಬೆಕಿ ಒಂಬತ್ತು ತಿಂಗಳು ತಡೆದರು, ಜುಮಾ ಎರಡೇ ತಿಂಗಳು. ಜುಮಾ ಜಾರಿದಾಗ ಮೇಲೆ ಬಂದವರು ರಾಮಫೋಸಾ.